ಆಳು, ಆಯುಧ, ಗುರಿ: ಎರೆಸೀಮೆಯಲ್ಲಿ ಗಾಳಿ ಬಂದೂಕಿನ ಲೆಕ್ಕ

ಪಂಪು ಹೊಡೆದು ಗಾಳಿ ತುಂಬುವ ಬಂದೂಕು ನಮ್ಮ ಕಡೆ ಅಪರೂಪದ ವಸ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಜನಕ್ಕೆ ಏರ್‌ಗನ್ ಎಂದೊಡನೆ ನೆನಪಾಗುವುದು ಜಾತ್ರೆಯಲ್ಲಿ ಬಲೂನು ಒಡೆಯುವ ಅಂಗಡಿಯ ಬಂದೂಕು. ಅದರ ನಳಿಗೆಯನ್ನು ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಅದುಮಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಸ್ಪ್ರಿಂಗು ಬಿಚ್ಚಿ ಪಿಸ್ಟನ್ನನ್ನು ನೂಕುತ್ತದೆ, ಮುಂದಿನ ಗಾಳಿ ಒತ್ತಿಕೊಂಡು ಸೀಸದ ಛರ್ರೆಯನ್ನು ಹೊರಗೆ ಅಟ್ಟುತ್ತದೆ. ಎಷ್ಟು ಸಲ ಹೊಡೆದರೂ ಅದರ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಪಂಪಿನ ಬಂದೂಕಿನ ರೀತಿ ಬೇರೆ. ನಳಿಗೆಯ ಕೆಳಗಿನ ಹಿಡಿಯನ್ನು ಸೈಕಲ್ ಪಂಪಿನಂತೆ ಮತ್ತೆ ಮತ್ತೆ ತೆರೆದು ಮುಚ್ಚಿದಾಗ ಒಳಗಿನ ಚಿಕ್ಕ ಕೋಣೆಯಲ್ಲಿ ಗಾಳಿ ಒತ್ತರಿಸಿ ನಿಲ್ಲುತ್ತದೆ. ವಾಲ್ವು ಅದನ್ನು ಹಿಡಿದಿಟ್ಟುಕೊಂಡು ಟ್ರಿಗರ್ ಎಳೆದಾಗ ಒಮ್ಮೆಲೇ ಬಿಟ್ಟುಕೊಡುತ್ತದೆ. ಮೂರು ಸಲ ಹೊಡೆದರೆ ಮೆಲ್ಲಗೆ, ಎಂಟು ಹತ್ತು ಸಲ ಹೊಡೆದರೆ ಜೋರಾಗಿ. ಈ ಎರಡು ತುದಿಗಳ ನಡುವೆ ಶಕ್ತಿಯಲ್ಲಿ ದುಪ್ಪಟ್ಟಿಗೂ ಮಿಕ್ಕ ಅಂತರ ಬರಬಹುದು. ಅಂದರೆ ಈ ಬಂದೂಕಿನ ಬಲ ಎಷ್ಟೆಂದು ತೀರ್ಮಾನಿಸುವುದು ಕಾರ್ಖಾನೆಯಲ್ಲ, ಹಿಡಿದವನ ರಟ್ಟೆ.

ಯಂತ್ರದ ಈ ಚಿಕ್ಕ ವಿಶೇಷದಿಂದ ಒಂದು ದೊಡ್ಡ ಪ್ರಶ್ನೆ ಏಳುತ್ತದೆ. ನಮ್ಮ ನಾಡಿನಲ್ಲಿ ಸರ್ಕಾರಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಬಂದೂಕನ್ನು ಅಳೆಯುತ್ತ ಬಂದಿವೆ. ಅಳೆದ ಬಗೆ ಮೂರು. ಮೊದಲು ಹಿಡಿದವನು ಯಾರು ಎಂದು ನೋಡಿದರು. ಆಮೇಲೆ ಹಿಡಿದದ್ದು ಏನು ಎಂದು ನೋಡಿದರು. ಕೊನೆಗೆ ಯಾವುದಕ್ಕೆ ಗುರಿ ಇಟ್ಟ ಎಂದು ನೋಡಿದರು. ಆಳಿನ ಅಳತೆ, ಆಯುಧದ ಅಳತೆ, ಗುರಿಯ ಅಳತೆ ಎಂದು ಇವನ್ನು ಕರೆಯಬಹುದು. ಮೊದಲನೆಯದು ಅನ್ಯಾಯದ್ದು, ಎರಡನೆಯದು ಅರ್ಧ ಮಾತ್ರ ಉಪಯೋಗದ್ದು, ಮೂರನೆಯದೊಂದೇ ಈ ಎರೆಸೀಮೆಯಲ್ಲಿ ಕಣ್ಣಿಗೆ ಕಾಣುವ ಫಲ ಕೊಟ್ಟದ್ದು ಎಂಬುದು ಈ ಬರಹದ ವಾದ. ಎರಡನೆಯ ಅಳತೆ ಎಲ್ಲಿ ಸೋಲುತ್ತದೆ ಎಂಬುದನ್ನು ಪಂಪಿನ ಬಂದೂಕಿನಷ್ಟು ಸ್ಪಷ್ಟವಾಗಿ ತೋರಿಸುವ ವಸ್ತು ಇನ್ನೊಂದಿಲ್ಲ.

ಗಾಳಿ ಬಂದೂಕು ಆಟಿಕೆ ಎಂಬ ನಂಬಿಕೆಯನ್ನು ಮೊದಲು ಬದಿಗಿಡಬೇಕು. 18ನೇ ಶತಮಾನದ ಕೊನೆಯಲ್ಲಿ ಆಸ್ಟ್ರಿಯದ ಸೈನ್ಯ ಗಿರಾರ್ಡೋನಿ ಎಂಬ ಕುಶಲಕರ್ಮಿ ರೂಪಿಸಿದ ಗಾಳಿ ಬಂದೂಕನ್ನು ಬಳಕೆಗೆ ತಂದಿತ್ತು. ಅದರ ಹಿಂಬದಿಯ ದಿಮ್ಮಿಯೇ ಗಾಳಿಯ ಬುರುಡೆ. ಅದನ್ನು ಪೂರ್ತಿ ತುಂಬಲು ಸುಮಾರು 1500 ಸಲ ಪಂಪು ಹೊಡೆಯಬೇಕಿತ್ತು. ತುಂಬಿದ ಮೇಲೆ ಹೊಗೆಯಿಲ್ಲದೆ, ಮದ್ದಿನ ಸಿಡಿತವಿಲ್ಲದೆ ಇಪ್ಪತ್ತರಷ್ಟು ಗುಂಡುಗಳನ್ನು ಒಂದರ ಹಿಂದೊಂದು ಹಾರಿಸಬಹುದಿತ್ತು. ಅಮೆರಿಕ ಖಂಡವನ್ನು ಅಡ್ಡಹಾಯ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡ 1804ರಿಂದ 1806ರ ಪಯಣದಲ್ಲಿ ಇಂಥ ಗಾಳಿ ಬಂದೂಕನ್ನು ಒಯ್ದು, ದಾರಿಯಲ್ಲಿ ಸಿಕ್ಕ ಬುಡಕಟ್ಟುಗಳ ಮುಂದೆ ಪ್ರದರ್ಶಿಸಿತು. 20ನೇ ಶತಮಾನದಲ್ಲಿ ದಾರಿ ಕವಲೊಡೆಯಿತು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ 1905ರ ಸುಮಾರಿಗೆ ಸ್ಪ್ರಿಂಗ್ ಬಂದೂಕನ್ನು ಹಿಡಿಯಿತು. ಅಮೆರಿಕದಲ್ಲಿ ಬೆಂಜಮಿನ್, 1920ರ ದಶಕದಲ್ಲಿ ರೋಚೆಸ್ಟರಿನ ಕ್ರಾಸ್‌ಮನ್, 1940ರ ದಶಕದ ಕೊನೆಗೆ ಶೆರಿಡನ್ ಕಂಪನಿಗಳು ಪಂಪಿನ ಬಂದೂಕನ್ನು ಬೆಳೆಸಿದವು. ಭಾರತದ ಪೇಟೆ ಹಿಡಿದದ್ದು ಸ್ಪ್ರಿಂಗಿನ ದಾರಿಯನ್ನು. ಅದರಲ್ಲಿ ಗಾಳಿ ಹಿಡಿದಿಡುವ ವಾಲ್ವಿನ ನಾಜೂಕು ಬೇಕಿಲ್ಲ. ಸೀಲು ಸವೆದರೂ ಸಣ್ಣ ಊರಿನ ರಿಪೇರಿಯವನು ಸರಿಮಾಡಬಲ್ಲ. ಪಂಪಿನ ಬಂದೂಕಿನ ಒಡೆಯನಾದರೋ ಹೆಚ್ಚಿನ ಜತನ ಮಾಡಬೇಕು. ಸೀಲಿಗೆ ಆಗಾಗ ಒಂದು ಹನಿ ಎಣ್ಣೆ ಬಿಡಬೇಕು, ಎತ್ತಿಡುವಾಗ ಒಂದು ಪಂಪಿನ ಗಾಳಿ ಒಳಗೇ ಉಳಿಸಿ ವಾಲ್ವು ಮುಚ್ಚಿರುವಂತೆ ನೋಡಿಕೊಳ್ಳಬೇಕು, ಹೇಳಿದ್ದಕ್ಕಿಂತ ಹೆಚ್ಚು ಸಲ ಹೊಡೆಯಬಾರದು. ಪ್ರತಿ ಗುಂಡಿಗೂ ರಟ್ಟೆ ದುಡಿಯಬೇಕಾದ್ದರಿಂದ ಸುಮ್ಮಸುಮ್ಮನೆ ಹಾರಿಸುವ ಚಟಕ್ಕೆ ಇದು ಒಗ್ಗುವುದಿಲ್ಲ. ಸ್ಪ್ರಿಂಗಿನ ಅದಿರಾಟ ಇಲ್ಲದ್ದರಿಂದ ಗುರಿ ಮಾತ್ರ ಚೆನ್ನಾಗಿ ಕೂರುತ್ತದೆ.

ಇನ್ನು ಆಳಿನ ಅಳತೆ. ಹಾವೇರಿ, ರಾಣೆಬೆನ್ನೂರು ಸೀಮೆ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1857ರ ದಂಗೆಯ ಬಿಸಿಯಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದು, ಜನರ ಕೈಯಲ್ಲಿದ್ದ ಆಯುಧಗಳನ್ನು ಒಪ್ಪಿಸಲು, ಬರೆಸಲು ಹೇಳಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪದೆ ಆ ವರ್ಷದ ನವೆಂಬರಿನಲ್ಲಿ ತಿರುಗಿಬಿದ್ದರು. ಊರು ಸುಟ್ಟಿತು, ಸೆರೆ ಸಿಕ್ಕವರಲ್ಲಿ ಹಲವರು ನೇಣಿಗೇರಿದರು. ಆ ಕಥೆ ಲಾವಣಿಯಾಗಿ ಉಳಿದು, ಮುಂದೆ ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿದ ಕನ್ನಡ ಲಾವಣಿಗಳಲ್ಲಿ ಅಚ್ಚಾಯಿತು. ಮರುವರ್ಷ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಎದ್ದರು. ಇವರೆಲ್ಲರನ್ನು ಅಡಗಿಸಿದ ಮೇಲೆ ಬಂದ 1878ರ ಆಯುಧ ಕಾಯ್ದೆ ಇಡೀ ದೇಶದ ಜನರಿಗೆ ಲೈಸೆನ್ಸನ್ನು ಕಡ್ಡಾಯ ಮಾಡಿ, ಯುರೋಪಿಯನ್ನರಿಗೆ ವಿನಾಯಿತಿ ಇಟ್ಟಿತು. ಒಂದೇ ಕಾರ್ಖಾನೆಯ ಒಂದೇ ಬಗೆಯ ಬಂದೂಕು ಕಲೆಕ್ಟರ ಸಾಹೇಬನ ಕೈಯಲ್ಲಿ ಶಿಕಾರಿಯ ಸಾಧನ, ರೈತನ ಕೈಯಲ್ಲಿ ಅಪರಾಧ. ಅತ್ತ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಿಕ್ಕ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಣೆಯಾಯಿತು. ಕೊಡವರ ಕೋವಿ ಅವರ ಹಬ್ಬದ ಅಂಗ ಎಂಬುದು ನಿಜ. ಆದರೆ ನಿಷ್ಠೆಯ ಬಹುಮಾನವಾಗಿ ಒಬ್ಬರಿಗೆ ಕೊಟ್ಟದ್ದನ್ನು ಬಂಡಾಯದ ಶಿಕ್ಷೆಯಾಗಿ ಇನ್ನೊಬ್ಬರಿಂದ ಕಿತ್ತುಕೊಂಡ ಕಾಲದ ಗುರುತು ಆ ವಿನಾಯಿತಿಯ ಹಿಂದೆ ಇದ್ದೇ ಇದೆ.

ಈ ಅಳತೆಯ ಕ್ರೂರ ಮುಖ ಕಾಣುವುದು ಹರಣಶಿಕಾರಿಗಳ ಚರಿತ್ರೆಯಲ್ಲಿ. ಉತ್ತರ ಕರ್ನಾಟಕದಲ್ಲಿ ಅವರಿಗೆ ಚಿಗರಿ ಬೇಟೆಗಾರರು ಎಂಬ ಹೆಸರೂ ಉಂಟು. ಸರ್ಕಾರದ ಕಾಗದದಲ್ಲಿ ಕೃಷ್ಣಮೃಗ ಎನಿಸಿಕೊಂಡದ್ದು ಎರೆಹೊಲದ ಜನಕ್ಕೆ ಚಿಗರಿ. ಚಿಗರಿಯ ನಡೆ, ಅದರ ದಾರಿ, ಗಾಳಿಯ ದಿಕ್ಕು ಇವರಷ್ಟು ತಿಳಿದವರು ಇರಲಿಲ್ಲ. ಹಿಡಿಯುತ್ತಿದ್ದುದು ಉರುಲಿನಿಂದ, ಬಲೆಯಿಂದ. ಬಂದೂಕಿನ ಕಾಯ್ದೆ ಇವರನ್ನು ಮುಟ್ಟಲು ಕಾರಣವೇ ಇರಲಿಲ್ಲ. ಹಾಗಿದ್ದರೂ 1871ರಿಂದ ರೂಪುಗೊಂಡ ಅಪರಾಧಿ ಬುಡಕಟ್ಟುಗಳ ಕಾನೂನಿನ ಬಲೆಗೆ ಬಿದ್ದು, ಹುಟ್ಟಿದ ಜಾತಿಯ ಕಾರಣಕ್ಕೇ ಹಾಜರಿ ಕೊಡಬೇಕಾದವರಾದರು. ಹುಬ್ಬಳ್ಳಿ, ಗದಗಿನ ಸೆಟ್ಲ್‌ಮೆಂಟುಗಳಲ್ಲಿ ಇಂಥ ಸಮುದಾಯಗಳನ್ನು ಬೇಲಿಯೊಳಗೆ ಇಟ್ಟರು. ಆ ಕಾನೂನು ರದ್ದಾದದ್ದು 1952ರಲ್ಲಿ. ಲೈಸೆನ್ಸಿನ ಬಂದೂಕು ಹಿಡಿದ ಸಾಹೇಬನೂ ಉರುಲು ಒಡ್ಡಿದ ಹರಣಶಿಕಾರಿಯೂ ಕೊಂದದ್ದು ಒಂದೇ ಪ್ರಾಣಿಯನ್ನು. ಒಬ್ಬನ ಬೇಟೆ ಗೋಡೆಯ ಮೇಲಿನ ಕೊಂಬಾಯಿತು, ಇನ್ನೊಬ್ಬನದು ಠಾಣೆಯ ದಾಖಲೆಯಾಯಿತು. ಚಿಗರಿಗೆ ಮಾತ್ರ ಇದರಿಂದ ಯಾವ ಉಪಕಾರವೂ ಆಗಲಿಲ್ಲ.

ಆಳಿನ ಅಳತೆಗೆ ಸ್ವಾತಂತ್ರ್ಯ ಚಳವಳಿಯಲ್ಲಿ ವಿರೋಧ ಹುಟ್ಟಿದ್ದು ಸಹಜ. ಅಹಿಂಸೆಯ ಗಾಂಧಿಯವರು 1930ರ ಆರಂಭದಲ್ಲಿ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆ ರದ್ದತಿಯ ಜೊತೆಗೇ, ಆತ್ಮರಕ್ಷಣೆಗಾಗಿ ಬಂದೂಕಿನ ಲೈಸೆನ್ಸನ್ನು ಜನರ ಹತೋಟಿಯಲ್ಲಿ ಕೊಡಬೇಕೆಂಬ ಬೇಡಿಕೆಯೂ ಇತ್ತು ಎಂಬುದನ್ನು ನಾವು ಮರೆಯುತ್ತೇವೆ. ಅದೇ ವರ್ಷ ದಂಡಿಗೆ ಹೊರಟ ಸತ್ಯಾಗ್ರಹಿಗಳಲ್ಲಿ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಒಬ್ಬರು. ಅವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ಇಟ್ಟಿದ್ದ ವೀರಭದ್ರ ಗುಡಿಯ ಮೇಲೆ ದಾಳಿ ಮಾಡಿದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಪ್ರಾಣ ಬಿಟ್ಟರು. ಯಾರು ಬಂದೂಕು ಹಿಡಿಯಬೇಕು ಎಂಬುದನ್ನು ಆಳುವವನೊಬ್ಬನೇ ನಿರ್ಧರಿಸುವ ವ್ಯವಸ್ಥೆಯಲ್ಲಿ ಬಂದೂಕು ಯಾವ ಕಡೆಗೆ ತಿರುಗಿರುತ್ತದೆ ಎಂಬುದಕ್ಕೆ ಈ ಜಿಲ್ಲೆಯಲ್ಲಿ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸ್ವತಂತ್ರ ಭಾರತ ಈ ಅಳತೆಯನ್ನು ಬಹುಮಟ್ಟಿಗೆ ಬಿಟ್ಟು ಆಯುಧದ ಅಳತೆಗೆ ಬಂತು. 1959ರ ಆಯುಧ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಯಾಯಿತು. ಅದರ 13ನೇ ಕಲಮಿನಲ್ಲಿ ಸ್ವಾರಸ್ಯದ ಒಂದು ಮಾತಿದೆ. ಆತ್ಮರಕ್ಷಣೆಗೋ ಆಟಕ್ಕೋ ಬೇಕಾದರೆ 20 ಇಂಚಿಗೆ ಕಡಿಮೆಯಿಲ್ಲದ ನಯವಾದ ಒಳಮೈಯ ನಳಿಗೆಯ ಬಂದೂಕು, ಬೆಳೆ ಕಾಯಲು ಬೇಕಾದರೆ ಬಾಯಿಂದ ಮದ್ದು ತುಂಬುವ ಬಂದೂಕು. ಇವಕ್ಕೆ ಲೈಸೆನ್ಸು ಕೊಡುವ ವಿಚಾರದಲ್ಲಿ ಕಾಯ್ದೆ ಉದಾರವಾಗಿದೆ. ಹೊಲ ಕಾಯುವ ರೈತನಿಗೆ ಹಳೆಯ ಕಾಲದ, ನಿಧಾನದ ಬಂದೂಕು ಸಾಕು ಎಂಬ ತರ್ಕ ಅದರಲ್ಲಿದೆ. ಗಾಳಿ ಬಂದೂಕಿಗೆ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿತು. ಆದರೆ ಹತ್ತಿರದಿಂದ ಹೊಡೆದ ಗುಂಡು ನಿಗದಿತ ದಪ್ಪದ ಗುರಿಹಲಗೆಯನ್ನು ತೂರಿಹೋಗಬಾರದು ಎಂಬ ಪರೀಕ್ಷೆ ಇತ್ತು. 2016ರ ನಿಯಮಗಳು ಹಲಗೆಯನ್ನು ಕೈಬಿಟ್ಟು ಅಂಕಿಗಳನ್ನು ಹಿಡಿದವು. ನಳಿಗೆಯ ಬಾಯಲ್ಲಿ ಗುಂಡಿನ ಶಕ್ತಿ 20 ಜೂಲ್ ದಾಟಿದರೆ, ಇಲ್ಲವೇ ನಳಿಗೆಯ ಒಳವ್ಯಾಸ 0.177 ಇಂಚು, ಎಂದರೆ 4.5 ಮಿಲಿಮೀಟರ್ ಮೀರಿದರೆ ಲೈಸೆನ್ಸು ಬೇಕು. ಅದರೊಳಗಿದ್ದರೆ ಬೇಡ. ಚುನಾವಣೆ ಬಂದಾಗ ಲೈಸೆನ್ಸುದಾರ ತನ್ನ ಬಂದೂಕನ್ನು ಠಾಣೆಗೆ ಒಪ್ಪಿಸಲು ಸಾಲು ನಿಲ್ಲುವುದೂ, ಏರ್‌ಗನ್ನಿನವನು ಮನೆಯಲ್ಲಿ ಕೂರುವುದೂ ಈ ಗೆರೆಯ ದೆಸೆಯಿಂದಲೇ.

ಲೆಕ್ಕ ಹಾಕಿ ನೋಡಿದರೆ ಗೆರೆಯ ಸ್ವಭಾವ ತಿಳಿಯುತ್ತದೆ. ಅರ್ಧ ಗ್ರಾಂ ತೂಗುವ 4.5 ಮಿಲಿಮೀಟರಿನ ಛರ್ರೆ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೂಲ್. ಅದೇ ಛರ್ರೆ 20 ಜೂಲ್ ಮುಟ್ಟಬೇಕಾದರೆ ವೇಗ ಸುಮಾರು 283 ಮೀಟರಿಗೆ ಏರಬೇಕು. ಸ್ಪ್ರಿಂಗ್ ಬಂದೂಕಿಗೆ ಈ ಲೆಕ್ಕ ಒಪ್ಪುತ್ತದೆ, ಅದರ ವೇಗವನ್ನು ಒಮ್ಮೆ ಅಳೆದರೆ ಮುಗಿಯಿತು. ಪಂಪಿನ ಬಂದೂಕನ್ನು ಅಳೆಯುವುದು ಯಾವಾಗ? ಮೂರು ಪಂಪಿಗೋ, ಹತ್ತಕ್ಕೋ? ಗರಿಷ್ಠಕ್ಕೆ ಅಳೆಯಬೇಕು ಎಂದು ಉತ್ತರಿಸಬಹುದು. ಆಗಲೂ ನಳಿಗೆಯ ಅಗಲದ ಗೆರೆಯಿಂದ ಒಂದು ವಿಚಿತ್ರ ಹುಟ್ಟುತ್ತದೆ. ಐದು ಮಿಲಿಮೀಟರಿನ ಹಳೆಯ ಶೆರಿಡನ್ ಬಂದೂಕಿಗೆ ಮೂರೇ ಪಂಪು ಹೊಡೆದು ಹಿತ್ತಲಲ್ಲಿ ಕಾಗದದ ಗುರಿ ಹೊಡೆಯುವವನಿಗೆ ಲೈಸೆನ್ಸು ಬೇಕು, ಕಾರಣ ಅದರ ನಳಿಗೆ ಅರ್ಧ ಮಿಲಿಮೀಟರು ಅಗಲ. 4.5 ಮಿಲಿಮೀಟರಿನ ಸ್ಪ್ರಿಂಗ್ ಬಂದೂಕನ್ನು ಹೆಗಲಿಗೇರಿಸಿ ಕೆರೆಯ ದಂಡೆಯಲ್ಲಿ ಹಕ್ಕಿ ಹುಡುಕುವವನಿಗೆ ಬೇಡ. ಆದರೆ ಬೆಳವಕ್ಕಿಗೋ ಗೌಜುಗಕ್ಕೋ 10 ಜೂಲ್ ಬೇಕಾದಷ್ಟಾಯಿತು. ಆಯುಧದ ಅಳತೆ ಎರಡನೆಯವನನ್ನು ಬಿಟ್ಟು ಮೊದಲನೆಯವನನ್ನು ಹಿಡಿಯುತ್ತದೆ. ಬಂದೂಕು ಏನು ಮಾಡಬಲ್ಲದು ಎಂದು ಕೇಳಿ, ಬಂದೂಕಿನಿಂದ ಏನು ಮಾಡಿದರು ಎಂದು ಕೇಳದೆ ಬಿಡುವುದು ಇದರ ಮೂಲದ ಕೊರತೆ.

ಆ ಪ್ರಶ್ನೆ ಕೇಳಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರಲ್ಲಿ ಬೇಟೆ ಎಂದರೆ ಗುಂಡು ಹೊಡೆಯುವುದು ಮಾತ್ರವಲ್ಲ. ಕೊಲ್ಲುವುದು, ವಿಷವಿಡುವುದು, ಉರುಲು ಹಾಕುವುದು, ಅಟ್ಟುವುದು, ಗಾಯಗೊಳಿಸುವುದು, ಮೊಟ್ಟೆ ಗೂಡು ಕೆಡಿಸುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಸಾಧನ ಯಾವುದಾದರೂ ಸರಿ. ಹಿಡಿದವನ ಜಾತಿ, ಹಿಡಿದದ್ದರ ಜೂಲ್ ಎರಡೂ ಇಲ್ಲಿ ಲೆಕ್ಕಕ್ಕಿಲ್ಲ. ಚಿಗರಿಯೂ ನವಿಲೂ ಅತಿ ಹೆಚ್ಚಿನ ರಕ್ಷಣೆಯ ಮೊದಲ ಷೆಡ್ಯೂಲಿನಲ್ಲಿ ಬಂದವು. 1974ರಲ್ಲಿ ರಾಣೆಬೆನ್ನೂರಿನ ಸುತ್ತಲಿನ 119 ಚದರ ಕಿಲೋಮೀಟರ್ ಪ್ರದೇಶ ಕೃಷ್ಣಮೃಗ ಅಭಯಾರಣ್ಯವಾಯಿತು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಜೀಪು ಮತ್ತು ಬಂದೂಕು ಸೇರಿ ದೇಶದ ಬಯಲುಗಳನ್ನೆಲ್ಲ ಬರಿದು ಮಾಡಿದ್ದವು. ಲೈಸೆನ್ಸಿನ ಕಟ್ಟಳೆ ಆಗಲೂ ಇತ್ತು, ಅದರಿಂದ ಚಿಗರಿ ಉಳಿಯಲಿಲ್ಲ. ಗುರಿಯನ್ನೇ ನಿಷೇಧಿಸಿದ ಮೇಲೆ ರಾಣೆಬೆನ್ನೂರಿನ ಹಿಂಡು ಬೆಳೆದು ಸಾವಿರಗಳ ಲೆಕ್ಕಕ್ಕೆ ಬಂತು. ಇದೇ ಜಿಲ್ಲೆಯ ಬಂಕಾಪುರದ ಕೋಟೆಯಲ್ಲಿ ನೆಲೆಸಿದ ನವಿಲುಗಳೂ ಇದಕ್ಕೆ ಸಾಕ್ಷಿ.

ಇದಕ್ಕೆ ಬಲವಾದ ಆಕ್ಷೇಪ ಒಂದಿದೆ. ಚಿಗರಿ ಉಳಿಯಿತು ಸರಿ, ಎರೆಭೂತ ಎಲ್ಲಿ ಹೋಯಿತು? ಹುಲ್ಲುಗಾವಲಿನ ಆ ದೊಡ್ಡ ಹಕ್ಕಿಗಾಗಿ ಒಮ್ಮೆ ರಾಣೆಬೆನ್ನೂರು ಹೆಸರಾಗಿತ್ತು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರಂಥವರು ಅದರ ಬಗ್ಗೆ ಬರೆದರು. ಅದೂ ಮೊದಲ ಷೆಡ್ಯೂಲಿನ ಹಕ್ಕಿ, ಅದರ ಬೇಟೆಯೂ ನಿಷಿದ್ಧ. ಇಂದು ಅಲ್ಲಿ ಅದಿಲ್ಲ. ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆಯ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಂಡಿವೆ. ಹಾಗಾದರೆ ಚಿಗರಿಯನ್ನು ಉಳಿಸಿದ್ದು ಕಾಯ್ದೆಯೋ, ಅಡಗಲು ಮರೆ ಕೊಟ್ಟ ನೀಲಗಿರಿ ನೆಡುತೋಪೋ? ಆಕ್ಷೇಪದಲ್ಲಿ ಹುರುಳಿದೆ. ಬಯಲಲ್ಲಿ ನೆಟ್ಟ ನೀಲಗಿರಿ ಚಿಗರಿಗೆ ನೆರಳಾಯಿತು, ತೆರೆದ ಹುಲ್ಲುನೆಲವೇ ಬೇಕಾದ ಎರೆಭೂತಕ್ಕೆ ಮುಳುವಾಯಿತು. ಆದರೆ ಇದರಿಂದ ಸಿದ್ಧವಾಗುವುದು ಗುರಿಯ ಅಳತೆಯೊಂದೇ ಸಾಲದು ಎಂಬುದು, ಅದು ಬೇಡ ಎಂಬುದಲ್ಲ. ಮರೆ ಇದ್ದ ಕಡೆಯೂ ಬೇಟೆ ನಿಲ್ಲದಿದ್ದರೆ ಹಿಂಡು ಬೆಳೆಯುತ್ತಿರಲಿಲ್ಲ. ನೆಲೆ ತಪ್ಪಿದ ಹಕ್ಕಿಯನ್ನು ಯಾವ ಬಂದೂಕಿನ ಕಾಯ್ದೆಯೂ ಉಳಿಸಲಾರದು. ಆ ಸೋಲಿನ ಮೂಲ ನೆಲದ ಬಳಕೆಯ ತೀರ್ಮಾನಗಳಲ್ಲಿದೆ.

ಎರಡನೆಯ ಆಕ್ಷೇಪ ರೈತರದು, ಅದು ಇನ್ನೂ ನ್ಯಾಯದ್ದು. ಗುರಿಯನ್ನು ನಿಷೇಧಿಸಿದ ಬೆಲೆಯನ್ನು ತೆತ್ತವರು ಅಭಯಾರಣ್ಯದ ಅಂಚಿನ ಹೊಲದವರು. ಮೆಕ್ಕೆಜೋಳ, ಹತ್ತಿ, ಶೇಂಗಾ ಮೊಳಕೆಯೊಡೆದಾಗ ರಾತ್ರಿಯೆಲ್ಲ ತಗಡು ಬಾರಿಸಿ, ಪಟಾಕಿ ಹಚ್ಚಿ, ಕವಣೆ ಬೀಸಿ ಕಾಯಬೇಕು. ವನ್ಯಜೀವಿ ಕಾಯ್ದೆಯ 11ನೇ ಕಲಮಿನ ಪ್ರಕಾರ ಎರಡನೆಯ ಷೆಡ್ಯೂಲಿನ ಪ್ರಾಣಿಗಳು ನಿಂತ ಬೆಳೆಗೆ ಅಪಾಯ ತಂದರೆ ಬೇಟೆಗೆ ಅನುಮತಿ ಕೊಡಲು ಅವಕಾಶವಿದೆ. ಮೊದಲ ಷೆಡ್ಯೂಲಿಗೆ ಆ ಅವಕಾಶವಿಲ್ಲ, ಪ್ರಾಣಿ ಮನುಷ್ಯನ ಜೀವಕ್ಕೇ ಅಪಾಯವಾಗಿರಬೇಕು ಇಲ್ಲವೇ ಚೇತರಿಸಿಕೊಳ್ಳಲಾಗದಷ್ಟು ಜಖಂ ಆಗಿರಬೇಕು. ಚಿಗರಿ ಮನುಷ್ಯನ ಮೇಲೆ ಬೀಳುವ ಪ್ರಾಣಿಯಲ್ಲ. ಹಾಗಾಗಿ ಒಂದು ಕಾಯ್ದೆ ಬೆಳೆ ಕಾಯಲು ಬಂದೂಕಿನ ಲೈಸೆನ್ಸು ಕೊಟ್ಟರೆ, ಇನ್ನೊಂದು ಅದನ್ನು ಚಿಗರಿಯತ್ತ ತಿರುಗಿಸಬೇಡ ಎನ್ನುತ್ತದೆ. ಇಂಥ ಕಡೆ ಲೈಸೆನ್ಸು ಬೇಡದ ಏರ್‌ಗನ್ ಹೆದರಿಸಲು ಸಾಕು ಎಂಬ ಮಾತು ಕೇಳಿಬರುವುದು ಸಹಜ. ಆದರೆ ಆ ಮಾತು ಮೋಸದ್ದು. 10 ಜೂಲಿನ ಛರ್ರೆ ಚಿಗರಿಯನ್ನು ಒಮ್ಮೆಲೇ ಕೊಲ್ಲುವುದು ಅಪರೂಪ, ಕಣ್ಣಿಗೋ ಹೊಟ್ಟೆಗೋ ತಗುಲಿ ನರಳುವಂತೆ ಮಾಡುವುದು ಸುಲಭ. ಗಾಯಗೊಳಿಸುವುದೂ ಬೇಟೆಯೇ ಆದ್ದರಿಂದ ರೈತನೇ ಅಪರಾಧಿಯಾಗುತ್ತಾನೆ. ರೈತನ ದೂರಿಗೆ ಉತ್ತರ ಬಂದೂಕಿನಲ್ಲಿಲ್ಲ. ಬೆಳೆಹಾನಿಯ ಪರಿಹಾರ ಅದೇ ಹಂಗಾಮಿನಲ್ಲಿ ಕೈಸೇರುವುದರಲ್ಲಿ, ಬೇಲಿಯ ಖರ್ಚನ್ನು ಸರ್ಕಾರ ಹೊರುವುದರಲ್ಲಿ ಇದೆ. ಪ್ರಾಣಿ ಇಡೀ ನಾಡಿನ ಸೊತ್ತಾದರೆ ಅದು ಮೇಯ್ದ ಪೈರಿನ ಸಾಲವೂ ಇಡೀ ನಾಡಿನದಾಗಬೇಕು.

ಮೂರನೆಯ ಆಕ್ಷೇಪ ಆಡಳಿತದವರದು. ಆಯುಧ ಕಣ್ಣಿಗೆ ಕಾಣುತ್ತದೆ, ಗುರಿ ಕಾಣುವುದಿಲ್ಲ. ಅಪರಾಧ ನಡೆಯುವ ಮೊದಲೇ ತಡೆಯಲು ಆಯುಧವನ್ನೇ ಹಿಡಿಯಬೇಕು ಎಂದು ಅವರು ವಾದಿಸುತ್ತಾರೆ. ಮನುಷ್ಯ ಮನುಷ್ಯನ ಮೇಲೆ ಎತ್ತುವ ಆಯುಧದ ಮಟ್ಟಿಗೆ ಇದು ಸರಿ. ಮದ್ದಿನ ಬಂದೂಕಿಗೆ, ದೊಡ್ಡ ನಳಿಗೆಯ ಬಿರುಸಾದ ಗಾಳಿ ಬಂದೂಕಿಗೆ ಲೈಸೆನ್ಸು ಇರಲೇಬೇಕು. ಇಲ್ಲಿಯ ವಾದ ಆ ಗೆರೆಯನ್ನು ಅಳಿಸಬೇಕೆಂಬುದಲ್ಲ. ಗೆರೆಯ ಈಚೆಗಿರುವುದೆಲ್ಲ ನಿರಪಾಯ ಎಂಬ ಭಾವನೆ ತಪ್ಪು ಎಂಬುದು. ಲೈಸೆನ್ಸು ಬೇಡ ಎಂದರೆ ಹಕ್ಕಿ ಹೊಡೆಯಬಹುದು ಎಂದಲ್ಲ. ಎಷ್ಟೋ ಜನ ಏರ್‌ಗನ್ ಕೊಳ್ಳುವಾಗ ಜೂಲಿನ ಲೆಕ್ಕ ಕೇಳಿಕೊಳ್ಳುತ್ತಾರೆ, ವನ್ಯಜೀವಿ ಕಾಯ್ದೆಯ ಲೆಕ್ಕ ಕೇಳುವುದಿಲ್ಲ. ಆಯುಧದ ಅಳತೆಯೊಂದನ್ನೇ ಕಲಿಸಿದ್ದರ ಫಲ ಇದು.

ಹಾಗೆಂದು ಎಲ್ಲ ಗಾಳಿ ಬಂದೂಕಿಗೂ ಲೈಸೆನ್ಸು ಹೇರಿದರೆ ಪೆಟ್ಟು ತಿನ್ನುವುದು ಯಾರನ್ನೂ ನೋಯಿಸದ ಆಟ. 10 ಮೀಟರ್ ಏರ್ ರೈಫಲ್ 1984ರಿಂದ ಒಲಿಂಪಿಕ್ಸಿನಲ್ಲಿದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದದ್ದು ಆ ಸ್ಪರ್ಧೆಯಲ್ಲೇ. ಆ ರೈಫಲ್ಲಿನ ಶಕ್ತಿ 7-8 ಜೂಲಿನ ಆಸುಪಾಸು. 1980ರ ದಶಕದಲ್ಲಿ ಈ ಆಟದಲ್ಲಿ ಮೆರೆದದ್ದು ಪಂಪಿನ ಬಂದೂಕಿನ ಹತ್ತಿರದ ನೆಂಟ, ಒಂದೇ ಸಲ ಹಿಡಿ ಎಳೆದು ಗಾಳಿ ತುಂಬುವ ರೈಫಲ್. ಪ್ರತಿ ಗುಂಡಿಗೂ ಅಷ್ಟೇ ಗಾಳಿ, ಆದ್ದರಿಂದ ಪ್ರತಿ ಗುಂಡೂ ಅಷ್ಟೇ ನಿಖರ. ಕಾಗದದ ಗುರಿಗೆ ಹೊಡೆಯುವ ಈ ಬಂದೂಕಿಗೂ ಗೌಜುಗ ಬೀಳಿಸುವ ಬಂದೂಕಿಗೂ ಶಕ್ತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ನಳಿಗೆಯ ಮುಂದೆ ಏನಿದೆ ಎಂಬುದರಲ್ಲಿ. ಅಪರೂಪದ ಪಂಪಿನ ಬಂದೂಕನ್ನು ಪ್ರೀತಿಯಿಂದ ಇಟ್ಟುಕೊಂಡವನೂ, ಅದನ್ನು ಅನುಮಾನದಿಂದ ನೋಡುವ ಅಧಿಕಾರಿಯೂ ಒಪ್ಪಬಹುದಾದ ಮಾತು ಅದೊಂದೇ. ಅದನ್ನು ನಿಯಮಕ್ಕೆ ಇಳಿಸುವುದೂ ಕಷ್ಟವಲ್ಲ. ಗಾಳಿ ಬಂದೂಕು ಮಾರುವ ಪ್ರತಿ ಅಂಗಡಿ ಜೂಲಿನ ಅಂಕಿಯ ಪಕ್ಕದಲ್ಲೇ ಬೇಟೆಯ ನಿಷೇಧವನ್ನೂ ಕನ್ನಡದಲ್ಲಿ ಬರೆದುಕೊಡಬೇಕು. ರಾಣೆಬೆನ್ನೂರಿನಂಥ ಅಭಯಾರಣ್ಯದ ಅಂಚಿನ ಊರುಗಳಲ್ಲಿ ಗುರಿ ಹೊಡೆಯುವ ಆಸೆಯವರಿಗೆ ಗೋಡೆ ಕಟ್ಟಿದ ರೇಂಜು ಬೇಕು, ಹೊಲ ಕಾಯುವವರಿಗೆ ಬೇಲಿ ಬೇಕು. ಆಗ ಮೂರು ಪಂಪೋ ಹತ್ತು ಪಂಪೋ ಎಂಬ ಪ್ರಶ್ನೆ ಬಂದೂಕಿನ ಒಡೆಯನ ಸ್ವಂತ ವಿಷಯವಾಗಿ ಉಳಿಯುತ್ತದೆ.